ಚೆ ಕ್ಯೂಬಾದವನು, ಸೆಲಿಯಾ ಅಲ್ಲವಂತೆ!

ಕ್ಯೂಬಾ ಅಂದ ಕೂಡಲೇ ನಮ್ಮ ಹುಡುಗರಿಗೆ ನೆನಪಾಗೋದು ಚೆ ಗುವೆರಾ ಟೀ ಶರ್ಟು. (ಇಂಜಿನಿಯರಿಂಗ್ ಓದುವಾಗ ನನ್ನ ಹತ್ರಾನೂ ಒಂದಿತ್ತು.) ಚೆ ಹುಟ್ಟಿದ್ದು ಅರ್ಜೆಂಟೀನಾದಲ್ಲಿ. 1959ರಲ್ಲಿ ಹೊಸ ಸರ್ಕಾರ ಅವನನ್ನು ‘ಹುಟ್ಟಿನಿಂದಲೇ ಕ್ಯೂಬಾದ ಪ್ರಜೆ’ ಅಂತ ಘೋಷಿಸಿತು. ಡೇಟಾಬೇಸಿನಲ್ಲಿ ಒಂದು ಫೀಲ್ಡ್ ಅಪ್‌ಡೇಟ್ ಮಾಡಿದ ಹಾಗೆ!

ಈಗ ಸೆಲಿಯಾ ಕ್ರೂಸ್ ಕಥೆ ಕೇಳಿ. ಹವಾನಾದಲ್ಲೇ ಹುಟ್ಟಿ ಬೆಳೆದ ಗಾಯಕಿ. 1960ರಲ್ಲಿ ದೇಶ ಬಿಟ್ಟಳು. 1962ರಲ್ಲಿ ತಾಯಿ ತೀರಿಕೊಂಡಾಗ ಮಣ್ಣಿಗೆ ಬರೋದಕ್ಕೂ ಬಿಡಲಿಲ್ಲ. ರೇಡಿಯೋದಿಂದ ಅವಳ ಹಾಡುಗಳು ಮಾಯವಾದವು. 1990ರಲ್ಲಿ ಗ್ವಾಂಟನಾಮೋದ ಅಮೆರಿಕನ್ ನೆಲೆಗೆ ಹಾಡೋಕೆ ಹೋದಾಗ ಒಂದು ಹಿಡಿ ಮಣ್ಣು ತಂದಿಟ್ಟುಕೊಂಡಳು; 2003ರಲ್ಲಿ ಆ ಮಣ್ಣಿನ ಜೊತೆಗೇ ಅವಳನ್ನು ಹೂತರು. 2025ರ ಅಕ್ಟೋಬರಿಗೆ ಅವಳು ಹುಟ್ಟಿ ನೂರು ವರ್ಷ. ಹವಾನಾದ ‘ಫಾಬ್ರಿಕಾ ದೆ ಆರ್ತೆ’ಯಲ್ಲಿ ಇಟ್ಟುಕೊಂಡಿದ್ದ ಗೌರವ ಕಾರ್ಯಕ್ರಮವನ್ನು ರದ್ದು ಮಾಡಿಸಿದರು. ಸತ್ತು 22 ವರ್ಷ ಆದ್ಮೇಲೂ ಹೆದರಿಕೆ ನೋಡಿ!

ಫಿಡೆಲ್ ಕಾಲದಲ್ಲಿ ದೇಶ ಬಿಟ್ಟವರಿಗೆ ಇದ್ದ ಬೈಗುಳ ‘ಗುಸಾನೊ’, ಅಂದ್ರೆ ಹುಳು. 1979ರಲ್ಲಿ ಅದೇ ಹುಳುಗಳಿಗೆ ಊರಿಗೆ ಬಂದುಹೋಗೋಕೆ ಅನುಮತಿ ಸಿಕ್ಕಿತು, ಡಾಲರೂ ಬಂತು. ಹುಳು ಚಿಟ್ಟೆಯಾಯ್ತು ಅಂತ ಜನ ನಕ್ಕರಂತೆ.

ಹಾಗಂತ ಮಯಾಮಿಯವರೇನು ಸಾಚಾ ಅಲ್ಲ. 1999ರಲ್ಲಿ ಹವಾನಾದ ‘ಲೋಸ್ ವಾನ್ ವಾನ್’ ತಂಡ ಅಲ್ಲಿಗೆ ಬಂದಾಗ, ಹಾಡು ಕೇಳೋಕೆ ಹೋದವರ ಮೇಲೆ ಮೊಟ್ಟೆ, ಬಾಟಲಿ ಎಸೆದರು. ದ್ವೀಪದಲ್ಲಿ ಉಳಿದವರೆಲ್ಲ ಸರ್ಕಾರದ ಏಜೆಂಟರು ಅನ್ನೋ ಲೆಕ್ಕ! ರೇಷನ್ ಕ್ಯೂನಲ್ಲಿ ನಿಂತುಕೊಂಡೇ ಹೊಸ ಸಂಗೀತ ಕಟ್ಟಿದವರು ಕ್ಯೂಬಾದವರಲ್ಲದೆ ಇನ್ಯಾರು ಸ್ವಾಮಿ?

ತಮಾಷೆ ಅಂದ್ರೆ, ಎರಡೂ ಕಡೆಯವರು ಪೂಜೆ ಮಾಡೋದು ಒಬ್ಬನನ್ನೇ, ಹೊಸೆ ಮಾರ್ತಿಯನ್ನ. ಹವಾನಾ ವಿಮಾನ ನಿಲ್ದಾಣಕ್ಕೆ ಅವನ ಹೆಸರು. ಕ್ಯಾಸ್ಟ್ರೋ ವಿರುದ್ಧ ಅಮೆರಿಕ 1985ರಲ್ಲಿ ಶುರು ಮಾಡಿದ ರೇಡಿಯೋಗೂ ಅವನದೇ ಹೆಸರು. ಆ ಮಾರ್ತಿ 1880ರಿಂದ 1895ರವರೆಗೆ ಬಹುಪಾಲು ಇದ್ದದ್ದು ನ್ಯೂಯಾರ್ಕಿನಲ್ಲಿ. ಅವನ ಕವನಗಳು ಪುಸ್ತಕವಾಗಿ ಅಚ್ಚಾಗಿದ್ದೂ ಅಲ್ಲೇ. ಅವನ ಸ್ವಾತಂತ್ರ್ಯ ಹೋರಾಟಕ್ಕೆ ಕೂಲಿಯಲ್ಲಿ ಪಾಲು ಎತ್ತಿಟ್ಟು ಕೊಟ್ಟವರು ಟಾಂಪಾ, ಕೀ ವೆಸ್ಟ್‌ನಲ್ಲಿ ಸಿಗಾರ್ ಸುತ್ತುತ್ತಿದ್ದ ಕ್ಯೂಬನ್ನರು. ಹೊರಗೆ ಹೋದವರು ಕ್ಯೂಬಾದವರಲ್ಲ ಅನ್ನೋದಾದ್ರೆ ಮೊದಲು ಹೆಸರು ಹೊಡೆದುಹಾಕಬೇಕಾದದ್ದು ಮಾರ್ತಿಯದ್ದು. ಧೈರ್ಯ ಇದೆಯಾ?

ಕಲಾವಿದರಿಗೆ ಈ ಗೋಡೆ ಎಂದೋ ಬೇಡವಾಗಿದೆ. 2021ರ ‘ಪಾತ್ರಿಯಾ ಇ ವಿದಾ’ ಹಾಡನ್ನು ಹವಾನಾದಲ್ಲಿದ್ದ ಇಬ್ಬರು, ಹೊರಗಿದ್ದ ಕ್ಯೂಬನ್ನರ ಜೊತೆ ಸೇರಿ ಮಾಡಿದರು. ಅದೇ ನವೆಂಬರಿನಲ್ಲಿ ಅದಕ್ಕೆ ಲ್ಯಾಟಿನ್ ಗ್ರ್ಯಾಮಿ ಬಂತು. ಹಾಡಿದವರಲ್ಲಿ ಒಬ್ಬನಾದ ಮೈಕೆಲ್ ಓಸೋರ್ಬೊ ಆಗ ಜೈಲಿನಲ್ಲಿದ್ದ. 2022ರಲ್ಲಿ ಅವನಿಗೆ ಒಂಬತ್ತು ವರ್ಷ ಶಿಕ್ಷೆಯಾಯಿತು.