‘ಅನ್‌ಸಾಲಿಸಿಟೆಡ್’: ಬೇಡದ್ದೋ, ಬೇಡದೆ ಬಂದದ್ದೋ?

ಇಂಗ್ಲಿಷಿನ ‘ಅನ್‌ಸಾಲಿಸಿಟೆಡ್’ ಎಂಬ ಪದವನ್ನು ಕನ್ನಡದಲ್ಲಿ ‘ಅನಪೇಕ್ಷಿತ’ ಎಂದು ಅನುವಾದಿಸುವುದುಂಟು. ಮೇಲುನೋಟಕ್ಕೆ ಒಪ್ಪಬಹುದಾದರೂ ಈ ಸಮೀಕರಣವು ಮರುಪರಿಶೀಲನೆಗೆ ಅರ್ಹವೆಂಬುದು ನನ್ನ ಅಭಿಪ್ರಾಯ.

ಇದರ ಮೂಲವಾದ ಲ್ಯಾಟಿನ್ ಕ್ರಿಯಾಪದಕ್ಕೆ ಕಲಕು, ಕಾಡು ಎಂಬ ಅರ್ಥಗಳಿದ್ದವು. ಫ್ರೆಂಚಿನ ಮೂಲಕ ಇಂಗ್ಲಿಷನ್ನು ಸೇರಿದ ಮೇಲೆ ಅದು ಕ್ರಮೇಣ ಕೋರು, ಯಾಚಿಸು ಎಂಬ ಅರ್ಥದಲ್ಲಿ ನೆಲೆಗೊಂಡಿತು. ಆದುದರಿಂದ ಅದರ ನಿಷೇಧರೂಪವು ಹೇಳುವುದು ಇಷ್ಟೇ: ಪಡೆದವನು ಇದನ್ನು ಕೇಳಿರಲಿಲ್ಲ. ಅವನಿಗೆ ಅದು ಇಷ್ಟವಾಯಿತೇ ಇಲ್ಲವೇ ಎಂಬ ವಿಷಯದಲ್ಲಿ ಪದವು ಮೌನವಾಗಿದೆ. ಕೇಳದೆ ಬಂದ ಪ್ರಶಂಸೆಗೆ ಬೆಲೆ ಹೆಚ್ಚು. ಪ್ರಕಾಶಕರಿಗೆ ತಾನಾಗಿ ಬಂದ ಹಸ್ತಪ್ರತಿಗೂ ಇಂಗ್ಲಿಷಿನಲ್ಲಿ ಇದೇ ವಿಶೇಷಣ. ಅದನ್ನು ‘ಅನಪೇಕ್ಷಿತ’ವೆಂದರೆ ಓದುವ ಮೊದಲೇ ತೀರ್ಪಿತ್ತಂತಾಗುತ್ತದೆ.

ಗೊಂದಲಕ್ಕೆ ನಮ್ಮ ನುಡಿಯೇ ಅವಕಾಶ ಕೊಟ್ಟಿದೆ. ‘ಬೇಡು’ ಧಾತುವಿನ ನಿಷೇಧ ಕೃದಂತ ‘ಬೇಡದ’. ‘ಬೇಡ’ ಎಂಬ ನಿರಾಕರಣೆಯಿಂದ ಬಂದ ವಿಶೇಷಣವೂ ‘ಬೇಡದ’. ಯಾಚಿಸದಿರುವುದೂ ಒಲ್ಲದಿರುವುದೂ ಒಂದೇ ರೂಪದಲ್ಲಿ ಬೆರೆತಿವೆ. ‘ಕೇಳದ ಸಲಹೆ’ ಎಂದರೂ ತೊಡಕು ತಪ್ಪದು; ಅದು ಕಿವಿಗೊಡದ ಸಲಹೆಯೂ ಆದೀತು. ‘ಅನಾಹೂತ’ವು ಕರೆಯದೆ ಬಂದ ಅತಿಥಿಗೆ ಒಪ್ಪುತ್ತದೆಯೇ ಹೊರತು ವಸ್ತುವಿಗೆ ಅಷ್ಟಾಗಿ ಹೊಂದದು. ಉಳಿದದ್ದು ‘ಅಯಾಚಿತ’. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ಅಯಾಚಿತವಾಗಿ ದೊರೆತದ್ದನ್ನು ಅಮೃತವೆಂದೂ ಬೇಡಿ ಪಡೆದದ್ದನ್ನು ಮೃತವೆಂದೂ ಕರೆದಿದೆ. ಸಾಲ ಕೊಡುವೆವೆಂದು ಮಧ್ಯಾಹ್ನದ ನಿದ್ದೆ ಕೆಡಿಸುವ ದೂರವಾಣಿ ಕರೆಗೆ ಇಂಥ ಮರ್ಯಾದೆಯೇ ಎಂದು ಯಾರಾದರೂ ನಕ್ಕರೆ ತಪ್ಪೇನಿಲ್ಲ. ಆ ಕರೆಗೆ ಲ್ಯಾಟಿನ್ನಿನ ಹಳೆಯ ಅರ್ಥವೇ ಹೆಚ್ಚು ಸಲ್ಲುತ್ತದೆ!

ಆದರೆ ಇದು ಕೇವಲ ನಿಘಂಟಿನ ಚರ್ಚೆಯಲ್ಲ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2007ರಲ್ಲಿ ಇಂಥ ವಾಣಿಜ್ಯ ಕರೆಗಳ ಬಗ್ಗೆ ನಿಯಮ ರೂಪಿಸಿದಾಗ, ರಕ್ಷಣೆ ಬಯಸುವ ಚಂದಾದಾರನು ತನಗೆ ‘ಬೇಡ’ವೆಂದು ಮೊದಲು ನೋಂದಾಯಿಸಬೇಕಾಗಿತ್ತು. 2018ರ ನಿಯಮಾವಳಿಯಾದರೋ, ಸ್ವೀಕರಿಸುವವನ ಒಪ್ಪಿಗೆಗೂ ಅವನು ನೋಂದಾಯಿಸಿದ ಆಯ್ಕೆಗೂ ಅನುಗುಣವಲ್ಲದ ವಾಣಿಜ್ಯ ಸಂದೇಶವನ್ನು ಈ ಪದದಿಂದ ಗುರುತಿಸಿತು. ಒತ್ತು ನಿರಾಕರಣೆಯಿಂದ ಒಪ್ಪಿಗೆಯ ಕಡೆಗೆ ಸರಿದಿದೆ. ಇಲ್ಲಿ ‘ಅನಪೇಕ್ಷಿತ’ವೆಂದು ಬರೆದರೆ, ನಿಮಗೆ ಅಪೇಕ್ಷೆಯಿಲ್ಲವೆಂದು ನಮಗೆ ಹೇಗೆ ತಿಳಿಯಬೇಕು ಎಂದು ಕರೆ ಮಾಡಿದವನು ವಾದಿಸಬಹುದು, ಕನ್ನಡದಲ್ಲಿ ಓದಿ ದೂರು ಬರೆಯುವವನು ತನ್ನ ಅಸಮಾಧಾನವನ್ನೇ ಸಾಬೀತುಪಡಿಸಬೇಕೆಂದು ಭಾವಿಸಬಹುದು. ಕೇಳಬೇಕಾದ ಪ್ರಶ್ನೆ, ಒಪ್ಪಿಗೆ ಕೊಟ್ಟಿದ್ದನೇ ಎಂಬುದು.

ಆದಕಾರಣ ಶಾಸನದ ಕನ್ನಡಕ್ಕೆ ‘ಅಯಾಚಿತ’ವನ್ನೂ, ಜನಸಾಮಾನ್ಯರು ತುಂಬುವ ಅರ್ಜಿ ನಮೂನೆಗಳಿಗೆ ‘ಕೇಳದೆ ಬಂದ’ ಎಂಬುದನ್ನೂ ನಾನು ಸೂಚಿಸುತ್ತೇನೆ. ‘ಅನಪೇಕ್ಷಿತ’ವು ‘ಅನ್‌ವಾಂಟೆಡ್’ ಎಂಬುದಕ್ಕೆ ಮೀಸಲಾಗಿರಲಿ.