ಗಿರಾಕಿ ತಂದುಕೊಟ್ಟವರ ಪಾಲು

ಸಹೋದರಿಯರೇ, ಮನೆಯಲ್ಲೇ ಏನಾದರೊಂದು ಸಣ್ಣ ವ್ಯಾಪಾರ ಇಟ್ಟುಕೊಂಡವರಿಗಾಗಿ ಈ ಬಾರಿಯ ಮಾತು. ಕೂಡ್ಲಿಗಿಯಲ್ಲಿ ಶೇಂಗಾ ಚಟ್ನಿಪುಡಿ ಕುಟ್ಟಿ ಮಾರುವವರಿರಲಿ, ಹರಪನಹಳ್ಳಿಯಲ್ಲಿ ಬುರ್ಖಾ ಹೊಲಿಯುವವರಿರಲಿ, ಕೊಟ್ಟೂರಿನಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳ ಉಡುಪು ಇಟ್ಟುಕೊಂಡವರಿರಲಿ, ಎಲ್ಲರ ಕಷ್ಟವೂ ಒಂದೇ. ಸರಕು ಚೆನ್ನಾಗಿದೆ. ಆದರೆ ಅದು ಚೆನ್ನಾಗಿದೆಯೆಂದು ಗೊತ್ತಿರುವುದು ನಮ್ಮ ಓಣಿಯವರಿಗೆ ಮಾತ್ರ. ಅಂಗಡಿ ತೆರೆಯಲು ಬಾಡಿಗೆ ಕಟ್ಟುವ ಶಕ್ತಿಯಿಲ್ಲ, ಜಾಹೀರಾತು ಕೊಡಲು ಹಣವಿಲ್ಲ. ಆಗ ನಾವೇನು ಮಾಡುತ್ತೇವೆ? ಹೂವಿನಹಡಗಲಿಯಲ್ಲಿರುವ ನಾದಿನಿಗೋ, ಹಗರಿಬೊಮ್ಮನಹಳ್ಳಿಯಲ್ಲಿರುವ ಚಿಕ್ಕಮ್ಮನ ಮಗಳಿಗೋ ಫೋನ್ ಮಾಡಿ, “ನಿಮ್ಮ ಕಡೆ ನಾಲ್ಕು ಜನರಿಗೆ ಹೇಳಿ, ನಿಮಗೂ ಏನಾದರೂ ಕೊಡುತ್ತೇನೆ” ಎನ್ನುತ್ತೇವೆ.

ಆ “ಏನಾದರೂ” ಎಂಬ ಒಂದು ಪದದಿಂದಲೇ ಎಷ್ಟೋ ಮನೆಗಳಲ್ಲಿ ಮಾತು ನಿಂತುಹೋಗಿದೆ. ಆಕೆ ಹತ್ತು ಜನರನ್ನು ಕಳಿಸಿಕೊಟ್ಟೆ ಎನ್ನುತ್ತಾಳೆ, ಇವಳು ನಾಲ್ಕೇ ಬಂದರು ಎನ್ನುತ್ತಾಳೆ. ಆಕೆ ನೂರು ರೂಪಾಯಿ ನಿರೀಕ್ಷಿಸಿದ್ದರೆ ಇವಳು ಎರಡು ಪೊಟ್ಟಣ ಚಟ್ನಿಪುಡಿ ಕೊಟ್ಟು ಕೈತೊಳೆದುಕೊಳ್ಳುತ್ತಾಳೆ. ಮುಂದಿನ ಮದುವೆಯ ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಸಾಲಿನಲ್ಲಿ ಊಟಕ್ಕೆ ಕೂರುತ್ತಾರೆ!

ಈ ಕೆಲಸಕ್ಕೆ ಈಗ ಒಂದು ದೊಡ್ಡ ಹೆಸರಿದೆ, ಅಫಿಲಿಯೇಟ್ ಮಾರ್ಕೆಟಿಂಗ್. ಹೆಸರು ಕೇಳಿ ಹೆದರಬೇಕಾಗಿಲ್ಲ. ಗಿರಾಕಿಯನ್ನು ತೋರಿಸಿಕೊಟ್ಟವರಿಗೆ, ಆ ಮಾರಾಟ ನಿಜವಾಗಿ ಆದ ಮೇಲೆ, ಮೊದಲೇ ಒಪ್ಪಿಕೊಂಡ ಪಾಲನ್ನು ವ್ಯಾಪಾರಿ ತನ್ನ ಲಾಭದಿಂದ ಕೊಡುವುದು, ಅಷ್ಟೇ. ಅಮೆರಿಕದ ಅಮೆಜಾನ್ ಕಂಪನಿ 1996ರಲ್ಲಿ ಪುಸ್ತಕ ಮಾರಲು ಇಂಥದ್ದೊಂದು ಏರ್ಪಾಟು ಆರಂಭಿಸಿ ಅದನ್ನು ಜಗತ್ತಿಗೆಲ್ಲ ಪರಿಚಯಿಸಿತು. ತೋರಿಸಿಕೊಟ್ಟವರ ಹೆಸರಿನ ಗುರುತು ಇರುವ ಕೊಂಡಿಯನ್ನು ಒತ್ತಿ ಬಂದ ಗಿರಾಕಿ ಕೊಂಡರೆ ಅವರಿಗೆ ಪಾಲು, ಕೊಳ್ಳದಿದ್ದರೆ ಇಲ್ಲ. ನಮ್ಮ ಸೀಮೆಗೆ ಇದೇನು ಹೊಸತೇ? ಎಪಿಎಂಸಿ ಅಂಗಳದಲ್ಲಿ ರೈತನಿಗೂ ಖರೀದಿದಾರನಿಗೂ ನಡುವೆ ನಿಂತವರು ದಲಾಲಿ ಪಡೆಯುವುದನ್ನು ಅಜ್ಜಂದಿರ ಕಾಲದಿಂದ ನೋಡಿದ್ದೇವೆ.

ದಲಾಲಿ ಹಣ ಹಲಾಲೇ ಎಂದು ಕೆಲವು ಸಹೋದರಿಯರು ಕೇಳುತ್ತಾರೆ. ಇಮಾಮ್ ಬುಖಾರಿಯವರ(ರ) ಹದೀಸ್ ಸಂಗ್ರಹದಲ್ಲಿ ದಲ್ಲಾಳಿಯ ಕೂಲಿಯ ಕುರಿತೇ ಒಂದು ಅಧ್ಯಾಯವಿದೆ. ಹಿಂದಿನ ಹಲವು ವಿದ್ವಾಂಸರು ಅದರಲ್ಲಿ ತಪ್ಪು ಕಂಡಿಲ್ಲವೆಂದು ಅಲ್ಲಿ ದಾಖಲಾಗಿದೆ. ಪವಿತ್ರ ಕುರ್‌ಆನಿನ ಯೂಸುಫ್ ಅಧ್ಯಾಯದಲ್ಲಿ ರಾಜನ ಅಳತೆಯ ಪಾತ್ರೆ ಕಳೆದುಹೋದ ಪ್ರಸಂಗ ನಿಮಗೆ ಗೊತ್ತಿದೆ. ಅದನ್ನು ತಂದುಕೊಟ್ಟವರಿಗೆ ಒಂದು ಒಂಟೆ ಹೊರುವಷ್ಟು ಧಾನ್ಯ ಎಂದು ಘೋಷಿಸಲಾಯಿತು. ಗಮನಿಸಿ, “ಏನಾದರೂ ಕೊಡುತ್ತೇವೆ” ಎನ್ನಲಿಲ್ಲ. ಎಷ್ಟು ಎಂಬುದೂ ಯಾವಾಗ ಎಂಬುದೂ ಮೊದಲೇ ಸ್ಪಷ್ಟವಾಗಿತ್ತು.

ಹಾಗಾದರೆ ಎಷ್ಟು ಕೊಡಬೇಕು? ಹಲವರು ಇಲ್ಲಿಯೇ ಎಡವುತ್ತಾರೆ. ದೊಡ್ಡ ಮನಸ್ಸು ಮಾಡಿ “ನೂರಕ್ಕೆ ಇಪ್ಪತ್ತು” ಎಂದುಬಿಡುತ್ತಾರೆ. ಪೆನ್ನು ಕಾಗದ ತೆಗೆದುಕೊಳ್ಳಿ, ಒಂದು ಲೆಕ್ಕ ಮಾಡೋಣ. ಕಾಲು ಕಿಲೋ ಚಟ್ನಿಪುಡಿಯ ಪೊಟ್ಟಣ 100 ರೂಪಾಯಿ ಎಂದುಕೊಳ್ಳಿ. ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಎಣ್ಣೆ, ಗ್ಯಾಸ್ ಸೇರಿ 52, ಪೊಟ್ಟಣ ಮತ್ತು ಚೀಟಿಗೆ 6, ಊರಿಂದೂರಿಗೆ ಕಳಿಸಲು 10. ನಿಮ್ಮ ಕೂಲಿ 15. (ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. “ಮನೇಲೇ ಮಾಡೋದಲ್ವಾ” ಎನ್ನುತ್ತಾರೆ. ಮನೆಯಲ್ಲಿ ಮಾಡಿದರೆ ಸೊಂಟ ನೋಯುವುದಿಲ್ಲವೇ?) ಒಟ್ಟು 83 ಆಯಿತು. ಉಳಿದದ್ದು 17. ಇದರಲ್ಲಿ ನೂರಕ್ಕೆ ಇಪ್ಪತ್ತು ಕೊಟ್ಟರೆ ಪ್ರತಿ ಪೊಟ್ಟಣಕ್ಕೆ 3 ರೂಪಾಯಿ ನಿಮ್ಮ ಕೈಯಿಂದ ಹೋಯಿತು. ಹತ್ತು ಕೊಡುತ್ತೇನೆಂದರೆ 7 ಉಳಿಯುವಂತೆ ಕಾಣುತ್ತದೆ. ಆದರೆ ಹತ್ತು ಪೊಟ್ಟಣದಲ್ಲಿ ಒಂದು ದಾರಿಯಲ್ಲಿ ಒಡೆಯಿತೆನ್ನಿ. ಒಂಬತ್ತರಿಂದ ಬಂದದ್ದು 900, ಹತ್ತಕ್ಕೆ ಖರ್ಚಾದದ್ದು 830, ಕಮಿಷನ್ 90. ಇಪ್ಪತ್ತು ರೂಪಾಯಿ ನಷ್ಟ! ಪೊಟ್ಟಣಕ್ಕೆ 5 ರೂಪಾಯಿ ಎಂದಿದ್ದರೆ, ಒಂದು ಒಡೆದ ಮೇಲೂ 25 ಉಳಿಯುತ್ತಿತ್ತು. ಐದು ಎಂದರೆ ಆಕೆ ಮೂಗು ಮುರಿಯಬಹುದು. ಮುರಿಯಲಿ. ಕೊಡಲಾಗದ ಹತ್ತಕ್ಕಿಂತ ತಪ್ಪದೆ ಕೈಸೇರುವ ಐದು ಆಕೆಗೂ ಒಳ್ಳೆಯದೇ. ಬುರ್ಖಾದಂಥ ಹೆಚ್ಚು ಬೆಲೆಯ ಸರಕಿನ ಲೆಕ್ಕ ಬೇರೆ. ಕೂಲಿ ಕಳೆದು 300 ರೂಪಾಯಿ ಉಳಿಯುವ ಕಡೆ 75 ಅಥವಾ 100 ಕೊಡಬಹುದು. ಮಾರುವ ಬೆಲೆಯನ್ನು ನೋಡಿ ಕಮಿಷನ್ ನಿಗದಿ ಮಾಡಬೇಡಿ, ಉಳಿಯುವ ಹಣವನ್ನು ನೋಡಿ ಮಾಡಿ.

“ನಾನು ಅಸಲು ಬೆಲೆಗೆ ಕೊಟ್ಟುಬಿಡುತ್ತೇನೆ, ಆಕೆ ತನಗೆ ಬೇಕಾದಷ್ಟು ಮೇಲೆ ಹಾಕಿ ಮಾರಿಕೊಳ್ಳಲಿ” ಎನ್ನುವವರೂ ಇದ್ದಾರೆ. ಬೆಂಗಳೂರಿನಲ್ಲಿ 2015ರಲ್ಲಿ ಹುಟ್ಟಿದ ಮೀಶೋ ಕಂಪನಿ ಮೊದಲ ವರ್ಷಗಳಲ್ಲಿ ಬೆಳೆದದ್ದು ಈ ದಾರಿಯಲ್ಲೇ. ದೇಶದ ಸಣ್ಣ ಊರುಗಳ ಅಸಂಖ್ಯ ಗೃಹಿಣಿಯರು ಸೀರೆ, ಕುರ್ತಿಗಳ ಚಿತ್ರಗಳನ್ನು ವಾಟ್ಸಾಪ್‌ನಲ್ಲಿ ನೆಂಟರಿಷ್ಟರಿಗೆ ಕಳಿಸಿ, ತಮ್ಮ ಲಾಭ ಸೇರಿಸಿ ಮಾರಿದರು. ಎಷ್ಟೋ ಹೆಣ್ಣುಮಕ್ಕಳು ಮೊದಲ ಸಂಪಾದನೆಯ ರುಚಿ ಕಂಡದ್ದು ಹಾಗೆಯೇ, ಅದನ್ನು ಅಲ್ಲಗಳೆಯಲಾಗದು. ಆದರೆ ಕಂಪನಿ ಮುಂದೆ ನೇರವಾಗಿ ಗಿರಾಕಿಗಳಿಗೇ ಮಾರುವ ಕಡೆ ತಿರುಗಿತು. ನೆಂಟರೆಲ್ಲ ತಮ್ಮ ಫೋನಿನಲ್ಲೇ ಬೆಲೆ ನೋಡತೊಡಗಿದ ಮೇಲೆ ನಡುವಿನವಳಿಗೆ ಉಳಿದದ್ದೇನು? ನಮ್ಮಂಥ ಊರುಗಳಲ್ಲಿ ಇನ್ನೊಂದು ತೊಡಕೂ ಇದೆ. ಅಕ್ಕನಿಗೆ 450ಕ್ಕೆ ಸಿಕ್ಕ ಕುರ್ತಿ ತಂಗಿಗೆ 520ಕ್ಕೆ ಬಂದಿದೆ ಎಂದು ಸಂಜೆಯೊಳಗೆ ಗೊತ್ತಾಗುತ್ತದೆ. ಬೆಲೆ ಎಲ್ಲರಿಗೂ ಒಂದೇ ಇದ್ದು, ತೋರಿಸಿಕೊಟ್ಟವರ ಪಾಲು ವ್ಯಾಪಾರಿಯ ಕೈಯಿಂದ ಹೋಗುವ ಕ್ರಮದಲ್ಲಿ ಈ ಜಗಳವಿಲ್ಲ.

ಯಾರ ಗಿರಾಕಿ ಯಾರು ಎಂದು ತಿಳಿಯಲು ವೆಬ್‌ಸೈಟು ಬೇಕಿಲ್ಲ. ಪ್ರತಿಯೊಬ್ಬರಿಗೂ ಒಂದು ಗುರುತು ಕೊಡಿ. ಹಡಗಲಿ 1, ಬೊಮ್ಮನಹಳ್ಳಿ 2, ಹೀಗೆ. ವಾಟ್ಸಾಪ್‌ನಲ್ಲಿ ಆರ್ಡರ್ ಕಳಿಸುವಾಗಲೇ ಗಿರಾಕಿ ಆ ಗುರುತನ್ನು ಬರೆಯಬೇಕು. ಸರಕು ಕಳಿಸಿದ ಮೇಲೆ “ಅವಳು ನಾನು ಹೇಳಿದ್ದಕ್ಕೇ ತಗೊಂಡದ್ದು” ಎಂದರೆ ಸೇರಿಸಬಾರದು. ಒಮ್ಮೆ ಬಂದ ಗಿರಾಕಿ ಮತ್ತೆ ಕೊಂಡಾಗಲೂ ಪಾಲು ಉಂಟೇ? ಇದನ್ನೂ ಮೊದಲೇ ಹೇಳಿ. ಅಮೆಜಾನ್‌ನಂಥ ಕಂಪನಿ ಸಾಮಾನ್ಯವಾಗಿ ಕೊಂಡಿ ಒತ್ತಿದ 24 ಗಂಟೆಗಳೊಳಗಿನ ಖರೀದಿಯನ್ನು ಮಾತ್ರ ಗಣಿಸುತ್ತದೆ. ನೀವು ಅಷ್ಟು ಬಿಗಿ ಹಿಡಿಯಬೇಕಿಲ್ಲ. ಆರು ತಿಂಗಳವರೆಗೆ ಪಾಲು, ಆಮೇಲೆ ಇಲ್ಲ ಎಂದರೆ ಸಾಕು. ಕುರ್‌ಆನಿನ ಅತ್ಯಂತ ದೀರ್ಘ ವಚನ ಇರುವುದೇ ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ನಾವು ಮಾತ್ರ ಸಂಬಂಧಿಕರ ಮುಂದೆ ಚೀಟಿ ಬರೆಯಲು ನಾಚುತ್ತೇವೆ.

ಇನ್ನು ಉದ್ರಿ. ಪೇಟೆಯವರು ಬರೆದ ಯಾವ ಪುಸ್ತಕದಲ್ಲೂ ಈ ಅಧ್ಯಾಯ ಸಿಗಲಾರದು. ನಮ್ಮಲ್ಲಿ ಉದ್ರಿ ಇಲ್ಲದ ವ್ಯಾಪಾರವೇ ಇಲ್ಲ. ಶೇಂಗಾ ಮಾರಿದ ಮೇಲೆ ಕೊಡುತ್ತೇನೆ, ಅವರು ದುಬೈಯಿಂದ ಕಳಿಸಿದ ಮೇಲೆ ಕೊಡುತ್ತೇನೆ, ಸಂಘದ ಸಾಲ ಬಂದ ಮೇಲೆ ಕೊಡುತ್ತೇನೆ. ಹೀಗಿರುವಾಗ ಕಮಿಷನ್ ಯಾವಾಗ ಕೊಡಬೇಕು? ಗಿರಾಕಿಯ ಹಣ ನಿಮ್ಮ ಕೈಗೆ ಬಂದ ಮೇಲೆ. ಬಟ್ಟೆಯಾದರೆ ವಾಪಸು ಕೊಡಲು ಇಟ್ಟ ದಿನಗಳೂ ಕಳೆದ ಮೇಲೆ. ಹಡಗಲಿಯ ಮಲ್ಲಿಗೆಯಂಥ ಸರಕಾದರೆ ಅಂದಂದೇ ಲೆಕ್ಕ ತೀರಬೇಕು, ಬೆಳಿಗ್ಗೆಯ ಮೊಗ್ಗನ್ನು ಎಂಟು ದಿನ ಬಿಟ್ಟು ಯಾರೂ ವಾಪಸು ತರುವುದಿಲ್ಲ. ಇಷ್ಟು ಸುಲಭ. ಕಷ್ಟ ಇರುವುದು ಹಣ ಬಾರದಾಗ. ಆಗ ವ್ಯಾಪಾರಿ ಮಾಡುವ ಮೊದಲ ಕೆಲಸ, ತೋರಿಸಿಕೊಟ್ಟವಳಿಗೆ ಫೋನ್ ಮಾಡುವುದು. “ನಿನ್ನ ಮಾತು ನಂಬಿ ಕೊಟ್ಟೆ, ನೀನೇ ವಸೂಲಿ ಮಾಡಿಕೊಡು.” ಐದು ರೂಪಾಯಿಯ ಆಸೆಗೆ ಆಕೆ ತನ್ನ ಅತ್ತಿಗೆಯ ಮನೆ ಬಾಗಿಲಿಗೆ ಸಾಲಗಾರರಂತೆ ಹೋಗಿ ನಿಲ್ಲಬೇಕು. ಇದು ನ್ಯಾಯವಲ್ಲ. ದಾರಿ ತೋರಿಸಿದವಳು ಜಾಮೀನು ನಿಂತವಳಲ್ಲ. ಉದ್ರಿ ಕೊಡುವುದೂ ಬಿಡುವುದೂ ನಿಮ್ಮ ತೀರ್ಮಾನ, ಮುಳುಗಿದರೆ ನಷ್ಟವೂ ನಿಮ್ಮದೇ. ಸಾಧ್ಯವಿದ್ದರೆ ಈ ಮೂಲಕ ಬಂದ ಗಿರಾಕಿಗಳಿಗೆ ನಗದು ಮಾತ್ರ ಎಂದುಬಿಡಿ.

ಈಗ ಎಲ್ಲಕ್ಕಿಂತ ಅಪಾಯದ ಮಾತಿಗೆ ಬರುತ್ತೇನೆ. ವ್ಯಾಪಾರ ಸ್ವಲ್ಪ ನಡೆಯತೊಡಗಿದಾಗ ಯಾರಾದರೂ ಬುದ್ಧಿ ಹೇಳುತ್ತಾರೆ, “ಸೇರುವವರಿಂದ ಐನೂರು ಕಟ್ಟಿಸಿಕೊ, ಅವರು ಇನ್ನಿಬ್ಬರನ್ನು ಸೇರಿಸಿದರೆ ಅವರಿಗೆ ನೂರು ಕೊಡು” ಎಂದು. ಅಲ್ಲಿಗೆ ಅದು ವ್ಯಾಪಾರವಾಗಿ ಉಳಿಯಲಿಲ್ಲ. ಸರಕು ನೆಪಕ್ಕೆ ಮಾತ್ರ, ಮಾರಾಟವಾಗುತ್ತಿರುವುದು ಮನುಷ್ಯರು. ಇಂಥ ಹಣ ಸುತ್ತಿಸುವ ಯೋಜನೆಗಳನ್ನು 1978ರ ಕಾನೂನೇ ನಿಷೇಧಿಸಿದೆ. 2021ರ ಡಿಸೆಂಬರ್‌ನಲ್ಲಿ ಬಂದ ನೇರ ಮಾರಾಟದ ನಿಯಮಗಳೂ ಪಿರಮಿಡ್ ಯೋಜನೆಗಳನ್ನು ನಿರ್ಬಂಧಿಸಿವೆ. ತೋರಿಸಿಕೊಡುವವರಿಂದ ಒಂದು ಪೈಸೆಯನ್ನೂ ಪಡೆಯಬೇಡಿ. ಇನ್ನೊಬ್ಬರನ್ನು ಸೇರಿಸಿದ್ದಕ್ಕೆ ಒಂದು ಪೈಸೆಯನ್ನೂ ಕೊಡಬೇಡಿ.

ಬೆಂಗಳೂರಿನ ಐಎಂಎ ಕಂಪನಿಯ ಕಥೆ ನಮ್ಮ ಸಮುದಾಯ ಮರೆಯುವಂಥದ್ದಲ್ಲ. ಅದು ಕಮಿಷನ್ ವ್ಯಾಪಾರವಲ್ಲ, ಹಲಾಲ್ ಲಾಭದ ಹೆಸರಿನಲ್ಲಿ ಹೂಡಿಕೆ ಪಡೆದ ಕಂಪನಿ. 2019ರ ಜೂನ್‌ನಲ್ಲಿ ಬಾಗಿಲು ಮುಚ್ಚಿದಾಗ 40 ಸಾವಿರಕ್ಕೂ ಹೆಚ್ಚು ಮಂದಿ ದೂರು ಕೊಟ್ಟರು. ಅದರ ಮುಖ್ಯಸ್ಥ ದುಬೈಗೆ ಹೋಗಿ, ಜುಲೈನಲ್ಲಿ ದೆಹಲಿಯಲ್ಲಿ ಬಂಧಿತನಾದ. ಪ್ರಕರಣ ಸಿಬಿಐಗೆ ಹೋಯಿತು. ಹಣ ಕಳೆದುಕೊಂಡವರಲ್ಲಿ ಹೆಣ್ಣುಮಕ್ಕಳ ಮದುವೆಗೆಂದು ಕೂಡಿಟ್ಟವರಿದ್ದರು, ನಿವೃತ್ತಿಯ ಹಣ ಇಟ್ಟವರಿದ್ದರು. ಆ ಕಥೆಯನ್ನು ಇಲ್ಲಿ ತೆಗೆದದ್ದೇಕೆಂದರೆ, ಬಹಳಷ್ಟು ಮಂದಿ ಕಾಗದಪತ್ರ ಓದಿ ಅಲ್ಲಿಗೆ ಹೋದವರಲ್ಲ. ನೆರೆಯವರು ಹೇಳಿದರು, ಸಂಬಂಧಿಕರು ಹೇಳಿದರು, ದೀನಿನ ಹೆಸರು ಹೇಳಿದರು ಎಂದು ಹೋದವರು. ಹೇಳಿದವರಲ್ಲಿ ಎಷ್ಟೋ ಮಂದಿ ತಾವೂ ಹಣ ಕಳೆದುಕೊಂಡರು, ಜೊತೆಗೆ ನಂಟನ್ನೂ ಕಳೆದುಕೊಂಡರು. ನಿಮ್ಮ ಚಟ್ನಿಪುಡಿಗೆ ಗಿರಾಕಿ ತರುವ ನಾದಿನಿ ಖರ್ಚು ಮಾಡುತ್ತಿರುವುದೂ ಇದೇ ನಂಬಿಕೆಯನ್ನು. ಆಕೆಯ ಬಂಡವಾಳ ಅದೊಂದೇ.

ಹಾಗಾಗಿ ಆಕೆ ಏನು ಹೇಳಿ ಮಾರುತ್ತಾಳೆ ಎಂಬುದರ ಮೇಲೂ ನಿಮ್ಮ ಕಣ್ಣಿರಬೇಕು. ಕಲೋಂಜಿ ಎಣ್ಣೆ ಮಾರುವವರ ಉದಾಹರಣೆ ನೋಡಿ. ಮಾರುವವಳು “ಒಳ್ಳೆಯ ಎಣ್ಣೆ” ಎಂದಷ್ಟೇ ಹೇಳಿರುತ್ತಾಳೆ. ಕಮಿಷನ್ ಆಸೆಗೆ ಇನ್ನೊಬ್ಬಳು “ಸಕ್ಕರೆ ಕಾಯಿಲೆ ಪೂರ್ತಿ ಹೋಗುತ್ತದೆ” ಎಂದು ವಾಟ್ಸಾಪ್‌ನಲ್ಲಿ ಹಾಕುತ್ತಾಳೆ, ಜೊತೆಗೊಂದು ಹದೀಸನ್ನೂ ಸೇರಿಸುತ್ತಾಳೆ. ಅದನ್ನು ಓದಿದ ಯಾವುದೋ ಅಜ್ಜಿ ಮಾತ್ರೆ ನಿಲ್ಲಿಸಿದರೆ ಯಾರು ಹೊಣೆ? ಮಧುಮೇಹದಂಥ ಕಾಯಿಲೆಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ಮಾಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾನೂನು ನಿಷೇಧಿಸಿದೆ. ಪ್ರವಾದಿಯವರ(ಸ) ಮಾತನ್ನು ಬಾಟಲಿಯ ಚೀಟಿಗೆ ಅಂಟಿಸಿ ಮಾರುವುದು ನನಗಂತೂ ಸಹಿಸಲಾಗದ ಸಂಗತಿ. ಏನು ಹೇಳಬಹುದು ಎಂಬುದನ್ನು ನೀವೇ ನಾಲ್ಕು ಸಾಲು ಬರೆದುಕೊಡಿ. ಅದರಾಚೆ ಹೇಳಿದರೆ ಪಾಲಿಲ್ಲವೆಂದು ತಿಳಿಸಿ. ತಿಂಡಿ ಪದಾರ್ಥವಾದರೆ ಎಫ್‌ಎಸ್‌ಎಸ್‌ಎಐ ನೋಂದಣಿಯನ್ನೂ ಮಾಡಿಸಿಕೊಳ್ಳಿ.

ತನಗೆ ಪಾಲು ಸಿಗುತ್ತದೆ ಎಂಬುದನ್ನು ಆಕೆ ಗಿರಾಕಿಗೆ ಹೇಳಬೇಕೇ? ಹೇಳಬೇಕು. ವ್ಯಾಪಾರಿಯೊಂದಿಗೆ ಹಣದ ಸಂಬಂಧ ಇರುವವರು ಸರಕನ್ನು ಹೊಗಳುವಾಗ ಆ ಸಂಬಂಧವನ್ನು ಮರೆಮಾಚಬಾರದೆಂದು ಕೇಂದ್ರ ಸರಕಾರದ 2022ರ ಮಾರ್ಗಸೂಚಿ ಹೇಳುತ್ತದೆ. ಅಧಿಕಾರಿಗಳು ನಮ್ಮ ಓಣಿಗೆ ಬಂದು ವಿಚಾರಿಸಲಾರರು, ನಿಜ. ಆದರೆ “ಆಪಾ, ಇದರಲ್ಲಿ ನನಗೂ ಐದು ರೂಪಾಯಿ ಸಿಗುತ್ತದೆ, ಆದರೆ ನಮ್ಮ ಮನೆಯಲ್ಲೂ ಇದನ್ನೇ ತಿನ್ನುತ್ತೇವೆ” ಎಂದು ನಗುತ್ತಾ ಹೇಳಿದರೆ ಯಾರು ಬೇಡವೆನ್ನುತ್ತಾರೆ? ಮುಚ್ಚಿಟ್ಟದ್ದು ಆಮೇಲೆ ಬೇರೆಯವರಿಂದ ತಿಳಿದರೆ ಅಲ್ಲವೇ ಕಹಿ.

ಹಣವನ್ನು ಆಕೆಯ ಕೈಗೇ ಕೊಡಿ. ಎಷ್ಟೋ ಮನೆಗಳಲ್ಲಿ ಫೋನ್‌ಪೇ ಇರುವುದು ಗಂಡನ ಅಥವಾ ಮಗನ ಫೋನಿನಲ್ಲಿ. ಆಕೆ ದುಡಿದ ಇನ್ನೂರು ರೂಪಾಯಿ ಅಲ್ಲಿಗೆ ಹೋಗಿ ಪೆಟ್ರೋಲಿಗೋ ರೀಚಾರ್ಜಿಗೋ ಕರಗುತ್ತದೆ, ಆಕೆಗೆ ಬಂದದ್ದೂ ಗೊತ್ತಾಗುವುದಿಲ್ಲ. ಸ್ತ್ರೀಯರ ಸಂಪಾದನೆಯಲ್ಲಿ ಸ್ತ್ರೀಯರಿಗೆ ಹಕ್ಕಿದೆಯೆಂದು ಕುರ್‌ಆನ್ ಹೇಳಿರುವುದನ್ನು ನಾವೇ ಪಾಲಿಸದಿದ್ದರೆ ಹೇಗೆ? ಆಕೆಯ ಹೆಸರಿನಲ್ಲಿ ಬ್ಯಾಂಕ್ ಖಾತೆ ಇಲ್ಲದಿದ್ದರೆ ತೆರೆಯಲು ಹೇಳಿ. ಅಲ್ಲಿಯವರೆಗೆ, ಊರಿಗೆ ಬಂದಾಗ ನಗದು ಕೊಟ್ಟು ಆಕೆಯಿಂದಲೇ ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳಿ.

ಮೊದಲಿಗೆ ಮೂವರು ಸಾಕು, ಮೂವತ್ತು ಬೇಡ. ಹಡಗಲಿಗೊಬ್ಬರು, ಹಗರಿಬೊಮ್ಮನಹಳ್ಳಿಗೊಬ್ಬರು, ಕೊಟ್ಟೂರಿಗೊಬ್ಬರು. ಮೂವರಿಗೂ ಒಂದೊಂದು ಪೊಟ್ಟಣ ಉಚಿತವಾಗಿ ಕಳಿಸಿ, ತಿಂದು ನೋಡಿ ಒಪ್ಪಿದರೆ ಮಾತ್ರ ಮುಂದುವರಿಯಲಿ. ರಮಝಾನ್‌ಗೆ ಎರಡು ತಿಂಗಳು ಮೊದಲೇ ಆರಂಭಿಸಿದರೆ ಒಳ್ಳೆಯದು. ಆ ತಿಂಗಳ ನೂಕುನುಗ್ಗಲಿನಲ್ಲಿ ಹೊಸ ಲೆಕ್ಕ ಕಲಿಯಲಾಗದು. ಪ್ರತಿ ತಿಂಗಳ 5ನೇ ತಾರೀಕಿನೊಳಗೆ ಮೂವರಿಗೂ ಲೆಕ್ಕದ ಪುಟದ ಫೋಟೋ ಕಳಿಸಿ: ಯಾರು ಬಂದರು, ಏನು ಕೊಂಡರು, ಯಾರ ಹಣ ಇನ್ನೂ ಬಾಕಿ, ಎಷ್ಟು ಪಾಲು. ಒಬ್ಬ ಗಿರಾಕಿಯೂ ಬಾರದ ತಿಂಗಳು “ಈ ತಿಂಗಳು ಏನಿಲ್ಲ” ಎಂದು ಬರೆದಾದರೂ ಕಳಿಸಿ. ಮೂರು ತಿಂಗಳು ಹೀಗೆ ನಡೆದ ಮೇಲೆ ನಾಲ್ಕನೆಯವರ ಹೆಸರು ಸೇರಿಸುವ ಯೋಚನೆ ಮಾಡಿ.