ತಲೆಯೊಳಗಿನ ಗಡ್ಡೆ, ಮನಸ್ಸಿನೊಳಗಿನ ಭಾರ

ನಮ್ಮ ನಂಜನಗೂಡು, ತಿ. ನರಸೀಪುರದ ಕಡೆ ಯಾರಾದರೂ ಮೊದಲಿನಂತಿಲ್ಲದೆ ಮಂಕಾದರೆ ಅದಕ್ಕೆ ಕಾರಣ ಹೇಳಲು ಜನ ತಡ ಮಾಡುವುದಿಲ್ಲ. ವಯಸ್ಸಾದವರಾದರೆ ‘ಅರಳು ಮರಳು’. ಹೆಂಗಸರಾದರೆ ‘ಗಾಳಿ ಸೋಕಿದೆ’. ದುಡಿಯುವ ಗಂಡಸಾದರೆ ‘ಸಾಲ ಮಾಡಿಕೊಂಡಿರಬೇಕು’. ನಮ್ಮಂಥ ಕಾಲೇಜು ಹುಡುಗರಾದರೆ ‘ಮೊಬೈಲ್ ಹುಚ್ಚು’. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವವರಾದರಂತೂ ಒಂದೇ ಮಾತು: ‘ಸೋಮಾರಿ’. ಇಷ್ಟೆಲ್ಲ ಕಾರಣಗಳಲ್ಲಿ ಮಿದುಳು ಎಂಬ ಅಂಗದ ಹೆಸರು ಮಾತ್ರ ಬರುವುದಿಲ್ಲ. ಹೊಟ್ಟೆಗೆ, ಮಂಡಿಗೆ, ಕಿಡ್ನಿಗೆ ಕಾಯಿಲೆ ಬರಬಹುದೆಂದು ಒಪ್ಪುವ ನಾವು, ಯೋಚನೆಯನ್ನೂ ಭಾವನೆಯನ್ನೂ ಹುಟ್ಟಿಸುವ ಅಂಗಕ್ಕೆ ಕಾಯಿಲೆ ಬರಬಹುದೆಂದು ಯಾಕೆ ಒಪ್ಪುವುದಿಲ್ಲ?

ನಾನು ವೈದ್ಯಕೀಯ ವಿದ್ಯಾರ್ಥಿಯಲ್ಲ, ಬಿ.ಇ. ಓದುತ್ತಿರುವವನು. ಆದರೂ ಈ ವಿಷಯ ಬರೆಯಲು ಕಾರಣವಿದೆ. ತಿ. ನರಸೀಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನನ್ನ ಸೋದರಮಾವ ನಾಲೆ ಬಯಲಿನಲ್ಲಿ ಭತ್ತ ಬೆಳೆಯುವವರು. ಊರ ಹಬ್ಬವಾದರೆ ಮುಂದೆ ನಿಲ್ಲುವವರು, ಯಾರ ಮನೆ ಮದುವೆಯಾದರೂ ಅಡುಗೆ ಮನೆ ಉಸ್ತುವಾರಿ ಅವರದೇ. ಅಂಥವರು ಐವತ್ತರ ಹತ್ತಿರ ಬರುವಾಗ ನಿಧಾನಕ್ಕೆ ಬದಲಾದರು. ಗದ್ದೆಗೆ ನೀರು ಕಟ್ಟುವ ಸರದಿ ಬಂದರೂ ಜಗುಲಿ ಬಿಟ್ಟು ಏಳುತ್ತಿರಲಿಲ್ಲ. ಕರೆದರೆ ‘ಹೂಂ’ ಎನ್ನುತ್ತಿದ್ದರು, ಅಷ್ಟೆ. ಅಳು ಇಲ್ಲ, ಸಿಟ್ಟಿಲ್ಲ, ನಗುವಿಲ್ಲ. ‘ಯಾಕೊ ಮಂಕು ಕವ್ದದೆ ಕಣವ್ವ’ ಎಂದು ಅಜ್ಜಿ ಹರಕೆ ಹೊತ್ತರು. ತಾಯತ ಕಟ್ಟಿಸಿದ್ದಾಯಿತು. ಆಮೇಲೆ ಒಂದು ಕ್ಲಿನಿಕ್ಕಿನಲ್ಲಿ ಖಿನ್ನತೆ ಎಂದು ಮಾತ್ರೆ ಕೊಟ್ಟರು. ಬೆಳಿಗ್ಗೆ ಎದ್ದಾಗ ತಲೆನೋವು ಎನ್ನುತ್ತಿದ್ದುದನ್ನು ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಹೀಗೇ ಒಂದು ವರ್ಷ ಕಳೆದ ಮೇಲೆ ಒಂದು ದಿನ ಫಿಟ್ಸ್ ಬಂತು. ಮೈಸೂರಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದಾಗ ಹಣೆಯ ಹಿಂಭಾಗದಲ್ಲಿ ದೊಡ್ಡ ನಿಂಬೆಹಣ್ಣಿನಷ್ಟು ಗಡ್ಡೆ ಕಂಡಿತು. ಮೆನಿಂಜಿಯೋಮಾ ಎಂದರು. ಮಿದುಳನ್ನು ಸುತ್ತಿರುವ ಪೊರೆಯಿಂದ ಹುಟ್ಟುವ, ಬಹುತೇಕ ಕ್ಯಾನ್ಸರ್ ಅಲ್ಲದ, ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುವ ಗಡ್ಡೆ ಅದು.

ಗಡ್ಡೆಗೂ ಜಗುಲಿ ಬಿಟ್ಟು ಏಳದಿರುವುದಕ್ಕೂ ಏನು ಸಂಬಂಧ? ನಮ್ಮ ಹಣೆಯ ಹಿಂದಿರುವ ಮಿದುಳಿನ ಮುಂಭಾಗದ ಹಾಲೆ ಕೈಕಾಲನ್ನು ಆಡಿಸುವ ಕೆಲಸವೊಂದನ್ನೇ ಮಾಡುವುದಿಲ್ಲ. ‘ಏಳು, ಈ ಕೆಲಸ ಶುರು ಮಾಡು’ ಎಂದು ಒಳಗಿನಿಂದ ತಳ್ಳುವುದೂ ಅದೇ. ಮುಂದಿನದನ್ನು ಯೋಜಿಸುವುದು, ನಾಲ್ಕು ಜನರ ಮುಂದೆ ಹೇಗೆ ನಡೆದುಕೊಳ್ಳಬೇಕೆಂದು ತೂಗಿ ನೋಡುವುದು ಕೂಡ ಅಲ್ಲಿಯೇ. ಆ ಜಾಗಕ್ಕೆ ಒತ್ತಡ ಬಿದ್ದರೆ ಮನುಷ್ಯನಿಗೆ ಲಕ್ವ ಹೊಡೆಯದಿರಬಹುದು, ಮಾತು ನಿಲ್ಲದಿರಬಹುದು. ಆದರೆ ಉತ್ಸಾಹ ಬತ್ತಬಹುದು, ಸ್ವಭಾವ ಬದಲಾಗಬಹುದು. ಹೊರಗಿನಿಂದ ನೋಡುವವರಿಗೆ ಅದು ಖಿನ್ನತೆಯಂತೆಯೇ, ಇಲ್ಲವೇ ಸೋಮಾರಿತನದಂತೆಯೇ ಕಾಣುತ್ತದೆ. ಗಡ್ಡೆ ಕಿವಿಯ ಬದಿಯ ಹಾಲೆಯಲ್ಲಿದ್ದರೆ ಇಲ್ಲದ ವಾಸನೆ ಬರಬಹುದು, ಕಾರಣವಿಲ್ಲದ ಭಯ ಆವರಿಸಬಹುದು. ಪಿಟ್ಯುಟರಿ ಗ್ರಂಥಿಯಲ್ಲಿದ್ದರೆ ಹಾರ್ಮೋನುಗಳ ಏರುಪೇರಿನಿಂದ ಮನಸ್ಸು ಕುಗ್ಗಬಹುದು, ಎರಡೂ ಬದಿಯ ನೋಟ ಮಸುಕಾಗಬಹುದು.

ಇನ್ನೊಂದು ಕಾರಣ ನಮ್ಮ ಎಂಜಿನಿಯರಿಂಗ್ ತರಗತಿಯ ಲೆಕ್ಕದಂತಿದೆ. ತಲೆಬುರುಡೆ ಒಂದು ಮುಚ್ಚಿದ ಪೆಟ್ಟಿಗೆ. ಅದರೊಳಗೆ ಸುಮಾರು 1.4 ಕೆ.ಜಿ. ಮಿದುಳು, ಸುಮಾರು 150 ಮಿ.ಲೀ. ದ್ರವ, ಹೆಚ್ಚುಕಡಿಮೆ ಅಷ್ಟೇ ರಕ್ತ ಇರುತ್ತದೆ. ಗಡ್ಡೆ ಬೆಳೆದು, ಅದರ ಸುತ್ತ ಬಾವು ಬಂದರೆ ಪೆಟ್ಟಿಗೆ ಹಿಗ್ಗುವುದಿಲ್ಲ. ಮೊದಮೊದಲು ದ್ರವ ಮತ್ತು ರಕ್ತ ಸ್ವಲ್ಪ ಜಾಗ ಬಿಟ್ಟುಕೊಡುತ್ತವೆ. ಅದಕ್ಕೇ ಬಹಳ ಕಾಲ ಏನೂ ತಿಳಿಯುವುದಿಲ್ಲ. ಜಾಗ ಮುಗಿದ ಮೇಲೆ ಒತ್ತಡ ಒಮ್ಮೆಲೇ ಏರುತ್ತದೆ. ಬೆಳಗಿನ ತಲೆನೋವು, ವಾಂತಿ, ಮಂಪರು ಬರುವುದು ಆಗ.

ಇಷ್ಟು ಓದಿದ ಕೂಡಲೇ ಹಾಸ್ಟೆಲ್ಲಿನಲ್ಲಿ ಮಲಗಿರುವ ಗೆಳೆಯರು ತಲೆ ಹಿಡಿದುಕೊಂಡು ಗೂಗಲ್ ಮಾಡುವುದು ಬೇಡ. ಭಾರತದಲ್ಲಿ ಮಿದುಳಿನ ಗಡ್ಡೆ ಕಾಣಿಸಿಕೊಳ್ಳುವುದು ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಸುಮಾರು 5ರಿಂದ 10 ಮಂದಿಗೆ. ಖಿನ್ನತೆಯಾದರೋ, ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಸುಮಾರು 20 ಮಂದಿಯಲ್ಲಿ ಒಬ್ಬರನ್ನು ಜೀವನದಲ್ಲಿ ಒಮ್ಮೆಯಾದರೂ ಕಾಡುತ್ತದೆ. ಎಂದರೆ ಖಿನ್ನತೆ ಇರುವವರಲ್ಲಿ ಬಹುಪಾಲು ಜನರಿಗೆ ಯಾವ ಗಡ್ಡೆಯೂ ಇರುವುದಿಲ್ಲ. ತಲೆನೋವು ಇರುವವರಿಗೂ ಅಷ್ಟೇ. ಹಾಗೆಂದು ಗಡ್ಡೆ ಇಲ್ಲದ ಖಿನ್ನತೆ ಸುಳ್ಳು ಕಾಯಿಲೆಯೂ ಅಲ್ಲ. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ ‘ಏನೂ ಇಲ್ಲವಂತೆ, ಎದ್ದು ಕೆಲಸ ನೋಡು’ ಎನ್ನುವುದು ಕಟುಕತನ. ಸ್ಕ್ಯಾನಿನಲ್ಲಿ ಕಾಣುವುದು ಮಿದುಳಿನ ಆಕಾರ, ಅದರೊಳಗಿನ ನೋವಲ್ಲ.

ಈ ಗೊಂದಲ ನಮ್ಮ ಹಳ್ಳಿಗಳದ್ದು ಮಾತ್ರ ಎಂದೂ ತಿಳಿಯಬೇಕಾಗಿಲ್ಲ. ಅಮೆರಿಕದ ಹೆಸರಾಂತ ಸಂಗೀತ ಸಂಯೋಜಕ ಜಾರ್ಜ್ ಗರ್ಶ್ವಿನ್‌ಗೆ 1937ರಲ್ಲಿ ತಲೆನೋವು ಮತ್ತು ರಬ್ಬರ್ ಸುಟ್ಟ ವಾಸನೆ ಕಾಡತೊಡಗಿತು. ಕಛೇರಿಯ ನಡುವೆ ಕ್ಷಣಕಾಲ ಮೈಮರೆತದ್ದೂ ಉಂಟು. ಆಸ್ಪತ್ರೆಗೆ ಸೇರಿಸಿದರೂ ‘ಹಿಸ್ಟೀರಿಯಾ ಇರಬಹುದು’ ಎಂದು ಮನೆಗೆ ಕಳಿಸಿದರು. ಕೆಲವೇ ದಿನಗಳಲ್ಲಿ ಪ್ರಜ್ಞೆ ತಪ್ಪಿ, ಶಸ್ತ್ರಚಿಕಿತ್ಸೆಯ ಬಳಿಕ ಜುಲೈ 11ರಂದು 38ನೇ ವಯಸ್ಸಿಗೇ ಅವರು ತೀರಿಕೊಂಡರು. ಮಿದುಳಿನಲ್ಲಿ ಗಡ್ಡೆಯಿತ್ತು. ಆಗ ಸಿ.ಟಿ. ಸ್ಕ್ಯಾನ್ ಇರಲಿಲ್ಲ ಎನ್ನುವುದನ್ನು ಮರೆಯಬಾರದು. ಇವತ್ತು ಆ ನೆಪ ನಮಗಿಲ್ಲ.

ಸಿ.ಟಿ. ಸ್ಕ್ಯಾನ್ ಕಂಡುಹಿಡಿದವರಲ್ಲಿ ಒಬ್ಬರಾದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ವೈದ್ಯರಲ್ಲ, ಎಂಜಿನಿಯರ್. ಅದೂ ವಿಶ್ವವಿದ್ಯಾಲಯದ ಪದವಿ ಇಲ್ಲದ, ಡಿಪ್ಲೊಮಾ ಮಾಡಿದ್ದ ಎಂಜಿನಿಯರ್. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಅವರ ಯಂತ್ರ ಮೊದಲ ಬಾರಿಗೆ ನೋಡಿದ್ದು, ಮಿದುಳಿನ ಮುಂಭಾಗದ ಹಾಲೆಯಲ್ಲಿ ಗಡ್ಡೆ ಇರಬಹುದೆಂಬ ಅನುಮಾನವಿದ್ದ ಒಬ್ಬ ಮಹಿಳೆಯ ತಲೆಯನ್ನು. 1979ರಲ್ಲಿ ಅವರಿಗೆ ನೊಬೆಲ್ ಬಂತು. ಡಿಪ್ಲೊಮಾ ಮಾಡಿದವರನ್ನು ಕೀಳಾಗಿ ನೋಡುವ ನಮ್ಮ ಕ್ಯಾಂಪಸ್ಸುಗಳಲ್ಲಿ ಈ ಕಥೆಯನ್ನು ಗೋಡೆ ಮೇಲೆ ಬರೆಸಬೇಕು.

ನಮ್ಮ ರಾಜ್ಯದಲ್ಲೂ ಮನಸ್ಸು ಬೇರೆ, ಮಿದುಳು ಬೇರೆ ಎಂದು ನೋಡಬಾರದೆಂದು ತಿಳಿದವರು ಮೊದಲೇ ಇದ್ದರು. 1974ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯನ್ನೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಕೂಡಿಸಿ ನಿಮ್ಹಾನ್ಸ್ ಮಾಡಿದಾಗ, ಅದರ ಮೊದಲ ನಿರ್ದೇಶಕರಾದವರು ನರಶಸ್ತ್ರಚಿಕಿತ್ಸಕ ಡಾ. ಆರ್.ಎಂ. ವರ್ಮ. ಮನೋವೈದ್ಯರೂ ನರರೋಗ ತಜ್ಞರೂ ಶಸ್ತ್ರಚಿಕಿತ್ಸಕರೂ ಒಂದೇ ಆವರಣದಲ್ಲಿ ಇರಬೇಕೆಂಬುದೇ ಆ ಸಂಸ್ಥೆಯ ಬಲ. ಅಲ್ಲಿನ ಮಿದುಳು ಸಂಗ್ರಹಾಲಯವನ್ನು ಸಾರ್ವಜನಿಕರೂ ನೋಡಬಹುದು. ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋದಾಗ ಸಮಯ ಸಿಕ್ಕರೆ ಮಾಲ್ ಬಿಟ್ಟು ಒಮ್ಮೆ ಅಲ್ಲಿಗೆ ಹೋಗಿ ಬನ್ನಿ.

ತೊಂದರೆ ಇರುವುದು ಬೆಂಗಳೂರಿನಲ್ಲಲ್ಲ, ನಮ್ಮ ತಾಲ್ಲೂಕಿನಲ್ಲಿ. ನಂಜನಗೂಡಿನಿಂದ ಮೈಸೂರು 25 ಕಿ.ಮೀ. ಒಳಗೇ ಇದೆ. ದೂರ ದೊಡ್ಡದಲ್ಲ, ಆದರೆ ಹೋಗಬೇಕೆಂದು ಗೊತ್ತಾಗಬೇಕಲ್ಲ? ನಂಜುಂಡೇಶ್ವರನಿಗೆ ಉರುಳು ಸೇವೆ ಮಾಡುವವರನ್ನು, ಸಂಗಮದಲ್ಲಿ ಮುಳುಗು ಹಾಕುವವರನ್ನು ಹಂಗಿಸಲು ನಾನು ಬರೆಯುತ್ತಿಲ್ಲ. ನಮ್ಮ ಮನೆಯಲ್ಲೂ ಆ ನಡವಳಿಕೆ ಇದೆ. ಆದರೆ ಆನೆಯ ಕಣ್ಣು ವಾಸಿಯಾಯಿತೆಂದು ಟಿಪ್ಪು ಸುಲ್ತಾನ್ ನಮ್ಮ ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದ ಐತಿಹ್ಯವನ್ನು ನಾವೇ ಹೆಮ್ಮೆಯಿಂದ ಹೇಳುತ್ತೇವೆ. ದೇವರನ್ನೇ ವೈದ್ಯ ಎಂದವರಿಗೆ ವೈದ್ಯರ ಬಳಿ ಹೋಗುವುದು ಭಕ್ತಿಗೆ ಕುಂದು ಹೇಗಾದೀತು? ಹರಕೆ ಇರಲಿ, ಜೊತೆಗೆ ಒಂದು ಓ.ಪಿ.ಡಿ. ಚೀಟಿಯೂ ಇರಲಿ.

ಹಾಗಾದರೆ ಯಾವಾಗ ಎಚ್ಚರವಾಗಬೇಕು? ಮೊದಲು ಇಲ್ಲದ ತಲೆನೋವು ವಾರದಿಂದ ವಾರಕ್ಕೆ ಹೆಚ್ಚುತ್ತಿದ್ದರೆ, ಬೆಳಿಗ್ಗೆ ಜೋರಾಗಿದ್ದು ವಾಂತಿಯೂ ಆಗುತ್ತಿದ್ದರೆ. ದೊಡ್ಡವರಾದ ಮೇಲೆ ಮೊದಲ ಸಲ ಫಿಟ್ಸ್ ಬಂದರೆ. ಒಂದು ಬದಿಯ ಕೈಕಾಲು ಸೋಲುತ್ತಿದ್ದರೆ. ನೋಟ ಎರಡಾಗಿ ಕಂಡರೆ, ಮಾತು ತಡವರಿಸಿದರೆ. ಮಧ್ಯವಯಸ್ಸಿನಲ್ಲಿ ಯಾವ ಕಾರಣವೂ ಇಲ್ಲದೆ ಸ್ವಭಾವವೇ ಬೇರೆಯಾದರೆ, ಖಿನ್ನತೆಗೆ ಕೊಟ್ಟ ಔಷಧಿಯಿಂದ ಗುಣವೇ ಕಾಣದಿದ್ದರೆ, ಮಿದುಳನ್ನೂ ಒಮ್ಮೆ ನೋಡಿ ಎಂದು ವೈದ್ಯರನ್ನು ಕೇಳುವ ಹಕ್ಕು ನಮಗಿದೆ. ಹಾಗೆಂದು ಕೊಟ್ಟ ಮಾತ್ರೆಯನ್ನು ನಾವೇ ನಿಲ್ಲಿಸಬಾರದು. ಎಲ್ಲರಿಗೂ ಎಂಆರ್‌ಐ ಬೇಕಿಲ್ಲ. ಕಣ್ಣಿನ ವೈದ್ಯರು ಸಣ್ಣ ಉಪಕರಣದಿಂದ ಕಣ್ಣಿನ ಹಿಂಭಾಗ ನೋಡಿದರೆ, ತಲೆಯೊಳಗಿನ ಒತ್ತಡದಿಂದ ನರ ಊದಿಕೊಂಡಿದೆಯೇ ಎಂಬುದು ಅನೇಕ ಸಲ ತಿಳಿಯುತ್ತದೆ. ಥೈರಾಯ್ಡ್ ಕೊರತೆ, ಬಿ12 ಕೊರತೆಯೂ ಮಂಕು ತರಿಸುತ್ತವೆ. ಅವಕ್ಕೆ ರಕ್ತ ಪರೀಕ್ಷೆ ಸಾಕು. ಇನ್ನು ಫಿಟ್ಸ್ ಬಂದವರ ಕೈಗೆ ಬೀಗದ ಕೈ, ಕಬ್ಬಿಣ ಕೊಡುವುದನ್ನು ಬಿಟ್ಟು, ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನನ್ನೂ ತುರುಕದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಗಡ್ಡೆ ತೆಗೆಸಿದ ಮೇಲಿನ ಕಥೆಯನ್ನೂ ಹೇಳಬೇಕು. ಅದನ್ನು ಯಾರೂ ಹೇಳುವುದಿಲ್ಲ. ಮಾವನ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಎರಡು ತಿಂಗಳಲ್ಲಿ ಮಾತು ಬಂತು, ನಗು ಬಂತು. ಆದರೆ ನಾಲ್ಕನೇ ತಿಂಗಳಲ್ಲಿ ಅವರು ಅಳತೊಡಗಿದರು. ಮೊದಲು ಅಳುವೇ ಇರಲಿಲ್ಲ. ಈಗ ತಮ್ಮ ಸ್ಥಿತಿ ತಮಗೇ ತಿಳಿದು ಅಳುತ್ತಿದ್ದರು. ಬೈಕ್ ಓಡಿಸುವಂತಿಲ್ಲ, ಕಾಲುವೆ ಕಡೆ ಒಬ್ಬರೇ ಹೋಗುವಂತಿಲ್ಲ, ಗದ್ದೆ ಗುತ್ತಿಗೆಗೆ ಹೋಗಿತ್ತು, ಖರ್ಚಾದ ಹಣದ ಚಿಂತೆ ಬೇರೆ. ನೆಂಟರೆಲ್ಲ ಬಂದು ‘ಗಡ್ಡೆ ತೆಗ್ದಾಯ್ತಲ್ಲ, ಇನ್ನೇನು?’ ಎಂದು ಕೇಳಿ ಹೋಗುತ್ತಿದ್ದರು. ಮಿದುಳಿನ ಗಡ್ಡೆ ಇರುವವರಲ್ಲಿ, ಇದ್ದವರಲ್ಲಿ ಖಿನ್ನತೆ ಸಾಮಾನ್ಯ ಜನರಿಗಿಂತ ಹೆಚ್ಚು. ಮಿದುಳಿಗೆ ಆದ ಪೆಟ್ಟು, ಬದುಕಿಗೆ ಆದ ಪೆಟ್ಟು ಎರಡೂ ಇದಕ್ಕೆ ಕಾರಣ. ಬಾವು ಇಳಿಸಲು ಕೊಡುವ ಸ್ಟೀರಾಯ್ಡ್, ಫಿಟ್ಸ್ ತಡೆಯುವ ಕೆಲವು ಮಾತ್ರೆಗಳೂ ಮನಸ್ಸನ್ನು ಕದಡಬಹುದು. ಈ ಖಿನ್ನತೆಗೂ ಚಿಕಿತ್ಸೆ ಇದೆ, ಗುಣವೂ ಆಗುತ್ತದೆ. ಕೊನೆಗೆ ಅತ್ತೆಯೇ ಹಟ ಹಿಡಿದು ಮಾವನನ್ನು ಮನೋವೈದ್ಯರ ಬಳಿ ಕರೆದೊಯ್ದರು. ಮೊದಲ ಸಲ ಗಡ್ಡೆಯನ್ನು ಬಿಟ್ಟು ಮನಸ್ಸನ್ನು ಮಾತ್ರ ನೋಡಿದ್ದರು. ಎರಡನೇ ಸಲ ಮನಸ್ಸನ್ನು ಬಿಟ್ಟು ಗಡ್ಡೆಯನ್ನು ಮಾತ್ರ ನೋಡಿದ್ದರು. ಎರಡನ್ನೂ ಒಟ್ಟಿಗೆ ನೋಡಿದ್ದರೆ ಎರಡು ವರ್ಷ ಉಳಿಯುತ್ತಿತ್ತು.

ಆದ್ದರಿಂದ ನನ್ನ ಬೇಡಿಕೆ ದೊಡ್ಡದೇನಲ್ಲ. 2014ರಲ್ಲಿ ಶುರುವಾದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯರ ಕ್ಲಿನಿಕ್ ನಡೆಯಬೇಕೆಂಬ ವ್ಯವಸ್ಥೆ ಇದೆ. ಅದು ಯಾವ ಮಂಗಳವಾರ ಎಂಬುದನ್ನು ಪ್ರತಿ ಗ್ರಾಮ ಪಂಚಾಯಿತಿಯ, ಪ್ರತಿ ಕಾಲೇಜಿನ ಫಲಕದಲ್ಲಿ ಬರೆಯಲಿ. ಅಲ್ಲಿಗೆ ಬಂದವರ ಕಣ್ಣಿನ ಹಿಂಭಾಗದ ಪರೀಕ್ಷೆ, ಥೈರಾಯ್ಡ್ ಪರೀಕ್ಷೆ ಅಂದೇ ಆಗಲಿ. ಅನುಮಾನ ಬಂದರೆ ಮೈಸೂರಿಗೆ ಕಳಿಸುವ ಚೀಟಿ ಅಲ್ಲೇ ಸಿಗಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆಯ ನೆರವಿದೆ. ಅದಕ್ಕೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಎಷ್ಟು ಮುಖ್ಯ ಎಂಬುದು ನಮ್ಮ ಅನೇಕ ಮನೆಗಳಿಗೆ ಗೊತ್ತೇ ಇಲ್ಲ. ಮೈಸೂರಿನಲ್ಲಿ ನಿಮ್ಹಾನ್ಸ್ ಮಾದರಿಯ ಸಂಸ್ಥೆ ಮಾಡುವುದಾಗಿ 2025–26ರ ರಾಜ್ಯ ಬಜೆಟ್‌ನಲ್ಲಿ ಘೋಷಿಸಿದ್ದಾರೆ. ಅದರ ಕಟ್ಟಡ ಏಳುವುದಕ್ಕೆ ಕಾಯದೆ, ತಾಲ್ಲೂಕಿನಿಂದ ಅಲ್ಲಿಗೆ ಹೋಗುವ ದಾರಿಯನ್ನು ಈಗಲೇ ಸಿದ್ಧ ಮಾಡಲಿ.

ನಾವು ಮಾಡಬೇಕಾದ್ದೂ ಇದೆ. ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಫೋನಿನಲ್ಲಿ ಇಟ್ಟುಕೊಳ್ಳೋಣ. ದಿನದ 24 ಗಂಟೆಯೂ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ನಿಮ್ಹಾನ್ಸ್ ಮಾರ್ಗದರ್ಶನ ನೀಡಿದರೆ, ತಂತ್ರಜ್ಞಾನದ ಬೆಂಬಲ ಬೆಂಗಳೂರಿನ ಐಐಐಟಿಯದು. ಬ್ಯಾಕ್‌ಲಾಗ್ ಉಳಿಸಿಕೊಂಡು ಕ್ಲಾಸಿಗೆ ಬರದ ಗೆಳೆಯ, ಎರಡು ವರ್ಷದಿಂದ ಪರೀಕ್ಷೆ ಬರೆದು ಬರೆದು ಮಾತು ಬಿಟ್ಟ ಅಕ್ಕ, ದಿನವಿಡೀ ಜಗುಲಿಯಲ್ಲಿ ಕೂರುವ ದೊಡ್ಡಪ್ಪ ಇವರ ಮುಂದೆ ಕುಳಿತು ‘ಯಾಕೆ ಹೀಗಾಡ್ತಿ?’ ಎಂದು ಕೇಳುವ ಬದಲು ‘ಯಾವಾಗಿನಿಂದ ಹೀಗಾಗ್ತಿದೆ?’ ಎಂದು ಕೇಳಿ. ಮೊದಲ ಪ್ರಶ್ನೆ ತಪ್ಪು ಹುಡುಕುತ್ತದೆ. ಎರಡನೆಯದು ಕಾಯಿಲೆ ಹುಡುಕುತ್ತದೆ. ವೈದ್ಯರು ಕೇಳುವುದೂ ಎರಡನೆಯದನ್ನೇ. ಅದಕ್ಕೆ ಸಿಗುವ ಉತ್ತರವನ್ನು ತಿಂಗಳು, ದಿನದ ಸಮೇತ ಒಂದು ಹಾಳೆಯಲ್ಲಿ ಬರೆದುಕೊಂಡು ಅವರ ಜೊತೆ ಆಸ್ಪತ್ರೆಗೆ ಹೋಗುವುದು ನಮ್ಮ ವಯಸ್ಸಿನ ಯಾರು ಬೇಕಾದರೂ ಮಾಡಬಹುದಾದ ಕೆಲಸ.